ಮೊದಲ 25 ಗಂಟೆ

ಎಂಜಿನ್ನಿನ ಆಯುಷ್ಯದ ಬಹುಪಾಲು ನಿಶ್ಚಯವಾಗುವುದು ಅದು ಹೊಸದಾಗಿ ಓಡುವ ಮೊದಲ ಕೆಲವು ಗಂಟೆಗಳಲ್ಲಿ. ಟಿಲ್ಲರ್ ಇರಲಿ, ಪಂಪ್‌ಸೆಟ್ ಇರಲಿ, ಈಗೀಗ ಕಾಫಿ ತೋಟಗಳಿಗೆ ಬರುತ್ತಿರುವ ನಾಲ್ಕು ಚಕ್ರದ ಎಟಿವಿ ಇರಲಿ, ಇದರಲ್ಲಿ ಭೇದವಿಲ್ಲ. ನಾನು ಇದನ್ನು ಕಲಿತದ್ದು ಒಂದು ಹೊಸ ಪವರ್ ಟಿಲ್ಲರ್ ಕೆಡಿಸಿಕೊಂಡ ಮೇಲೆ. ಮೈಮುರಿಯ ದುಡಿಸಿ ಕೆಡಿಸಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ನಾನು ಕೆಡಿಸಿದ್ದು ಜೋಪಾನ ಮಾಡಿ.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಹಿಡುವಳಿ. ಹಳ್ಳದ ದಡಕ್ಕೆ ಅಡಿಕೆ ತೋಟ, ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮಳೆ ಗದ್ದೆ. ಒಂದೊಂದು ಗದ್ದೆಯೂ ಅಂಗೈ ಅಗಲ, ನಡುವೆ ಕಿರಿದಾದ ಅಂಚು. ಇಂಥ ಜಾಗಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ, ಇಳಿದರೂ ತಿರುಗುವುದಿಲ್ಲ. ಎತ್ತು ಸಾಕುವವರು ಕಡಿಮೆಯಾದ ಮೇಲೆ ಮಲೆನಾಡಿನ ಗದ್ದೆಗಳನ್ನು ಉಳಿಸಿದ್ದು ಟಿಲ್ಲರ್ ಎಂದೇ ನನ್ನ ನಂಬಿಕೆ. ಸಣ್ಣ ಗದ್ದೆಗಳ ದೇಶವಾದ ಜಪಾನಿನ ಯಂತ್ರ ಅದು. ಬೆಂಗಳೂರಿನ ವಿಎಸ್‌ಟಿ ಕಂಪನಿ ಮಿತ್ಸುಬಿಷಿಯ ಜೊತೆಗೂಡಿ 1967ರಲ್ಲಿ ಶುರುವಾಯಿತು. ಕೇರಳದಲ್ಲಿ ಕಾಮ್ಕೊ ಕುಬೋಟಾದ ವಿನ್ಯಾಸ ತಂದಿತು. ನನ್ನ ಟಿಲ್ಲರ್ ಯಾವ ಕಂಪನಿಯದು ಎಂದು ಹೇಳಬೇಕಾದ ಅಗತ್ಯ ಇಲ್ಲಿಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಟ್ಟು, ಸಹಾಯಧನಕ್ಕೆ ಕಾದು, ಉಳಿದದ್ದಕ್ಕೆ ಸೊಸೈಟಿ ಸಾಲ ಮಾಡಿ ತಂದ ಗಾಡಿ. ಬಂದದ್ದು ನವರಾತ್ರಿಯ ಹೊತ್ತಿಗೆ. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಅಂಗಳದಲ್ಲಿ ಒಂದು ಸುತ್ತು ಹಾಕಿಸಿದೆವು. ರಸೀತಿ, ವಾರಂಟಿ ಕಾರ್ಡಿನ ಜೊತೆ ಕಂಪನಿಯ ಪುಸ್ತಕವೂ ಬೀರು ಸೇರಿತು. ಅದನ್ನು ಓದಬೇಕೆಂದು ನನಗೆ ಅನ್ನಿಸಲೇ ಇಲ್ಲ. ಹೊಸ ಗಾಡಿಯನ್ನು ಹೇಗೆ ನಡೆಸಬೇಕೆಂಬುದು ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆ. ಹೊಸ ಬೈಕ್ ತಂದರೆ ಮೊದಲ 500 ಕಿಲೋಮೀಟರ್ 40ರ ಮೇಲೆ ಹೋಗಬಾರದು, ಹಿಂದೆ ಯಾರನ್ನೂ ಕೂರಿಸಬಾರದು, ಘಾಟಿ ಹತ್ತಿಸಬಾರದು: ಇದನ್ನು ಕೇಳುತ್ತಲೇ ನಾವು ಬೆಳೆದದ್ದು. ಹೊಸ ಎಂಜಿನ್ನಿಗೆ ಹೊಡೆತ ಬೀಳಬಾರದು ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿದ ಸಾರ.

ಹಾಗಾಗಿ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ ಟಿಲ್ಲರ್ ಸ್ಟಾರ್ಟ್ ಮಾಡಿ ಶೆಡ್ಡಿನಲ್ಲೇ ನಿಲ್ಲಿಸಿ, ಸಣ್ಣಗೆ ಓಡಲು ಬಿಡುತ್ತಿದ್ದೆ. ಐಡ್ಲಿಂಗಿನಲ್ಲಿ ಅದರ ಪಾಡಿಗೆ ಅದು ಟುಕು ಟುಕು ಎನ್ನುತ್ತಿತ್ತು. ನಾನು ಅಡಿಕೆ ಸುಲಿಯುವವರ ಹತ್ತಿರವೋ ಒಲೆಯ ಹತ್ತಿರವೋ ಇರುತ್ತಿದ್ದೆ. ಒಂದರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗೆ ಓಡಿದ ಹೊತ್ತೆಲ್ಲ ರನ್ನಿಂಗ್ ಇನ್ ಲೆಕ್ಕಕ್ಕೆ ಸೇರುತ್ತದೆ ಎಂದು ನಂಬಿದ್ದೆ. ತೋಟದಿಂದ ಅಡಿಕೆ ಕೊನೆ ತರುವಾಗ ಟ್ರೈಲರಿನಲ್ಲಿ ಕಾಲುಭಾಗ ತುಂಬಿದರೆ ಸಾಕು, ಹೊರಡು ಎನ್ನುತ್ತಿದ್ದೆ. ಏರು ಬಂದಲ್ಲಿ ಇಬ್ಬರು ಇಳಿದು ತಳ್ಳುತ್ತಿದ್ದರು. ಗೊಬ್ಬರ ಹೊರಲು ಹಳೆಯ ಪಿಕಪ್ಪನ್ನೇ ಬಾಡಿಗೆಗೆ ಕರೆದೆ. ಮನೆಯವಳು ಒಮ್ಮೆ ಕೇಳಿದ್ದಳು: "ಗಾಡಿ ಮನೇಲಿ ಇಟ್ಕೊಂಡು ಬಾಡಿಗೆ ಕೊಡೋದು ಎಂತಕ್ಕೆ?" ಮುಂಗಾರಿಗೆ ಅದು ಗಟ್ಟಿಯಾಗಿರಬೇಕಲ್ಲ ಎಂದೆ.

ಆ ಮುಂಗಾರಿಗೆ ನಾನು ನನ್ನ ಗದ್ದೆಯ ಜೊತೆ ಇನ್ನೂ ಕೆಲವರ ಗದ್ದೆ ಹೂಡಿಕೊಡಲು ಒಪ್ಪಿಕೊಂಡಿದ್ದೆ. ಅವರಲ್ಲಿ ಒಬ್ಬರು ಹಳ್ಳದಾಚೆಯ ಮನೆಯ ಚಿಕ್ಕಮ್ಮ. ರಕ್ತಸಂಬಂಧವಲ್ಲ, ಚಿಕ್ಕಂದಿನಿಂದ ಕರೆದು ಬಂದ ವಾಡಿಕೆ. ಗಂಡ ಇಲ್ಲ, ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ. ಮೂರು ತುಂಡು ಗದ್ದೆಯನ್ನು ಅವರು ಒಂದು ವರ್ಷವೂ ಬೀಳು ಬಿಟ್ಟವರಲ್ಲ. ಬೇರೆ ಟಿಲ್ಲರಿನವರನ್ನು ಕೇಳುವುದು ಬೇಡ, ಮೊದಲು ನಿಮ್ಮದೇ ಹೂಡುತ್ತೇನೆ ಎಂದು ಮಾತು ಕೊಟ್ಟವನು ನಾನು. ಆ ಮಾತು ನಂಬಿ ಅವರು ಮೃಗಶಿರಾ ಮಳೆ ಹಿಡಿಯುತ್ತಲೇ ಸಸಿಮಡಿ ಹಾಕಿದರು.

ಗದ್ದೆಗೆ ನೀರು ನಿಂತಿತು. ರಬ್ಬರ್ ಚಕ್ರ ಕಳಚಿ ಕಬ್ಬಿಣದ ಕೇಜ್ ವೀಲ್ ಹಾಕಿ, ರೋಟರಿ ಕಟ್ಟಿ ಕೆಸರಿಗಿಳಿಸಿದೆ. ಕೆಸರು ಮಾಡುವುದು ಟಿಲ್ಲರಿನ ಕೆಲಸಗಳಲ್ಲೇ ಬಲು ಕಷ್ಟದ್ದು. ಚಕ್ರ ಹೂತುಕೊಳ್ಳುತ್ತದೆ, ರೋಟರಿಯ ಹಲ್ಲಿಗೆ ಹಸಿ ಬೇರು ಸುತ್ತಿಕೊಳ್ಳುತ್ತದೆ, ಎಂಜಿನ್ನಿಗೆ ಒಂದು ಕ್ಷಣವೂ ಬಿಡುವಿಲ್ಲ. ನನ್ನದು ಮೊದಲ ಗದ್ದೆಯ ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡತೊಡಗಿತು. ರೋಟರಿ ಸ್ವಲ್ಪ ಆಳಕ್ಕೆ ಹೋದರೆ ಸದ್ದು ಕುಗ್ಗುತ್ತಿತ್ತು. ಸೈಲೆನ್ಸರಿನಿಂದ ನೀಲಿ ಹೊಗೆ. ಹೊರೆಗೆ ಸಿಕ್ಕ ಡೀಸೆಲ್ ಎಂಜಿನ್ ಕಪ್ಪು ಹೊಗೆ ಕಾರುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಡೀಸೆಲ್ ಪೂರ್ತಿ ಉರಿಯದ ಹೊಗೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬ್ರೀದರ್ ಕೊಳವೆಯಿಂದ ಬುಸುಬುಸು ಹಬೆ ಬರುತ್ತಿತ್ತು, ಸೈಲೆನ್ಸರಿನ ಬಾಯಲ್ಲಿ ಕರಿ ಜಿಡ್ಡು ಒಸರಿತ್ತು. ಕಡ್ಡಿ ಎತ್ತಿ ನೋಡಿದರೆ ಆಯಿಲ್ ಕೆಳಗಿನ ಗೆರೆಯಿಂದಲೂ ಕೆಳಗೆ. ತುಂಬಿಸಿದೆ. ಸಂಜೆಗೆ ಮತ್ತೆ ಇಳಿದಿತ್ತು.

ಹೀಗೆ ಆಯಿಲ್ ಹೊಯ್ಯುತ್ತ, ನಿಲ್ಲಿಸುತ್ತ, ತಣಿಸುತ್ತ ನಾನು ಕೆಲವು ದಿನ ಸುಮ್ಮನೆ ಕಳೆದೆ. ಆಗಲೇ ಚಿಕ್ಕಮ್ಮನ ಹತ್ತಿರ ಹೋಗಿ, ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ಕರೆಯಿರಿ ಎಂದಿದ್ದರೆ ಅವರಿಗೆ ದಾರಿ ಇತ್ತು. ನಾಳೆ ಸರಿಯಾಗುತ್ತದೆ ಎಂಬ ಹಟಕ್ಕೆ ಬಿದ್ದು ಹೇಳಲಿಲ್ಲ. ಹೇಳುವ ಹೊತ್ತಿಗೆ ಊರಿನ ಟಿಲ್ಲರುಗಳೆಲ್ಲ ಮಾತಾಗಿ ಹೋಗಿದ್ದವು. ಭತ್ತದ ಸಸಿ 25 ದಿನದ ಆಸುಪಾಸಿನಲ್ಲಿ ನಾಟಿಯಾದರೆ ಚೆನ್ನ. ಮಡಿಯಲ್ಲೇ ಬಲಿತ ಸಸಿ ಗದ್ದೆಗೆ ಹೋದ ಮೇಲೆ ತೆಂಡೆ ಒಡೆಯುವುದು ಕಡಿಮೆ, ತೆನೆಯೂ ಅಷ್ಟಕ್ಕಷ್ಟೆ. ಚಿಕ್ಕಮ್ಮನ ಸಸಿ ಬಲಿತು ಬುಡದಲ್ಲಿ ಗಂಟು ಕಟ್ಟಿತ್ತು. ಕೊನೆಗೆ ದೂರದ ಊರಿನ ಟಿಲ್ಲರ್ ಬಂದು ಹೂಡಿದಾಗ ಹೊತ್ತು ಮೀರಿತ್ತು. ಆ ವರ್ಷ ಅವರ ಕಣದಲ್ಲಿ ಬಿದ್ದ ಭತ್ತ ಕಂಡವನು ನಾನು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. "ಹೋಗ್ಲಿ ತಮ್ಮಾ, ನಿನ್ ಗಾಡಿ ಸರಿ ಮಾಡ್ಸ್ಕೋ" ಎಂದರು. ನಾಟಿ ಕೂಲಿಯನ್ನು ನಾನೇ ಕೊಟ್ಟೆ. ಬರದೇ ಹೋದ ಬೆಳೆಗೆ ಅದು ಸಮವಾಗುವುದಿಲ್ಲ.

ಪೇಟೆಯ ಮೆಕ್ಯಾನಿಕ್ ಮನೆಗೇ ಬಂದು ಹೆಡ್ ಬಿಚ್ಚಿದ. ವಯಸ್ಸಾದವನು, ಟಿಲ್ಲರುಗಳನ್ನೇ ನೋಡಿಕೊಂಡು ಬಂದವನು. ಪಿಸ್ಟನ್ ಕೆಳಗಿಳಿಸಿ ಬೋರಿನೊಳಗೆ ಟಾರ್ಚ್ ಬಿಟ್ಟು, ಬೆರಳಾಡಿಸಿ, ನನ್ನನ್ನು ಕರೆದ.

"ಗೌಡ್ರೇ, ಇದನ್ನ ಎಂತಕ್ಕೆ ಓಡ್ಸಿದ್ರಿ?"

"ಏನೂ ಓಡ್ಸಿಲ್ಲ ಮಾರಾಯ. ಜೋಪಾನ ಮಾಡಿದ್ದೆ. ದಿನಾ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಬಿಡ್ತಿದ್ದೆ."

"ಅದೇ ಆಗಿದ್ದು. ಬೋರ್ ಗ್ಲೇಜ್ ಆಗಿದೆ. ಒಳಗೆ ಮುಖ ಕಾಣ್ತದೆ ನೋಡಿ. ಹೊಸಾದ್ರಲ್ಲಿ ಇಲ್ಲಿ ಗೀರು ಇರ್ಬೇಕಿತ್ತು."

ಈ ಗೀರಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಎಂಜಿನ್ನಿನ ಬೋರು ಒಳಗೆ ನುಣುಪಾಗಿರುತ್ತದೆ, ನುಣುಪಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ಫ್ಯಾಕ್ಟರಿಯಲ್ಲಿ ಬೋರನ್ನು ಕೊರೆದ ಮೇಲೆ ಬೇಕೆಂದೇ ಹೋನಿಂಗ್ ಕಲ್ಲಿನಿಂದ ಉಜ್ಜಿ ಸಣ್ಣ ಗೀರುಗಳನ್ನು ಮೂಡಿಸುತ್ತಾರೆ. ಎಡಕ್ಕೊಂದು ಓರೆ, ಬಲಕ್ಕೊಂದು ಓರೆ, ಒಂದನ್ನೊಂದು ಕತ್ತರಿಸಿ ಹೋಗುವ ಗೀರು. ಈ ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಪಿಸ್ಟನ್ನಿನ ರಿಂಗ್ ಆ ಆಯಿಲಿನ ಮೇಲೆ ಜಾರುತ್ತದೆ. ಗೀರುಗಳ ಏಣುಗಳು ಮೊದಮೊದಲು ಚೂಪಾಗಿರುತ್ತವೆ. ಹೊಸ ರಿಂಗ್ ಆ ಏಣುಗಳ ಮೇಲೆ ಉಜ್ಜಿ, ತಾನೂ ಸವೆದು ಅವನ್ನೂ ಸವೆಸಿ, ಬೋರಿನ ಸುತ್ತಳತೆಗೆ ಸರಿಯಾಗಿ ಹೊಂದಿಕೊಳ್ಳಬೇಕು. ರನ್ನಿಂಗ್ ಇನ್ ಎಂದರೆ ಬಹುಮಟ್ಟಿಗೆ ಇಷ್ಟೇ. ಏಣು ಚೂಪಾಗಿರುವಾಗಲೇ ಇದು ಮುಗಿಯಬೇಕು. ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ ಮಾತ್ರ, ತಪ್ಪಿದರೆ ಮತ್ತೆ ಬೋರ್ ಬಿಚ್ಚಿಯೇ ಆ ಅವಕಾಶ ಕೊಡಬೇಕು.

ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ರಿಂಗಿಗೆ ತನ್ನದೇ ಸ್ಪ್ರಿಂಗಿನ ಬಲ ಇದೆ, ಆದರೆ ಅದು ಅಲ್ಪ. ಉಳಿದ ಬಲವೆಲ್ಲ ಬರುವುದು ಉರಿದ ಗ್ಯಾಸಿನ ಒತ್ತಡದಿಂದ. ಡೀಸೆಲ್ ಸಿಡಿದಾಗ ಹುಟ್ಟುವ ಒತ್ತಡ ರಿಂಗಿನ ಮೇಲ್ಗಡೆಯಿಂದ ನುಸುಳಿ ಅದರ ಬೆನ್ನಿನ ಹಿಂದೆ ಹೋಗಿ, ರಿಂಗನ್ನು ಹೊರಕ್ಕೆ, ಗೋಡೆಯ ಕಡೆಗೆ ಅದುಮುತ್ತದೆ. ಎಂಜಿನ್ನಿಗೆ ಹೊರೆ ಬಿದ್ದಷ್ಟೂ ಡೀಸೆಲ್ ಹೆಚ್ಚು ಹೋಗುತ್ತದೆ, ಒತ್ತಡ ಹೆಚ್ಚುತ್ತದೆ, ರಿಂಗ್ ಬಿಗಿಯಾಗಿ ಉಜ್ಜುತ್ತದೆ. ಹೊರೆಯೇ ಇಲ್ಲದೆ ಐಡ್ಲಿಂಗಿನಲ್ಲಿ ಓಡುವಾಗ ಒತ್ತಡ ಕಡಿಮೆ. ರಿಂಗ್ ಗೋಡೆಗೆ ತಾಗಿಯೂ ತಾಗದಂತೆ ಸವರಿಕೊಂಡು ಹೋಗುತ್ತದೆ. ಅದರ ಸಂದಿಯಿಂದ ಆಯಿಲ್ ಮೇಲಕ್ಕೆ ದಾಟುತ್ತದೆ, ಅಲ್ಲಿ ಬಿಸಿಗೆ ಸುಟ್ಟು ವಾರ್ನಿಷ್ ಬಳಿದ ಹಾಗೆ ಗೋಡೆಗೆ ಅಂಟಿಕೊಳ್ಳುತ್ತದೆ. ಗೀರುಗಳ ತಗ್ಗು ತುಂಬಿಹೋಗುತ್ತದೆ. ಗಟ್ಟಿಯಾದ ಆ ಪದರದ ಮೇಲೆ ಆಮೇಲೆ ಎಷ್ಟು ಹೊರೆ ಹಾಕಿದರೂ ರಿಂಗ್ ಜಾರುತ್ತದೆಯೇ ಹೊರತು ಹೊಂದಿಕೊಳ್ಳುವುದಿಲ್ಲ. ಇದರ ಜೊತೆಗೆ, ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಒಂದಷ್ಟು ಗೋಡೆಯಿಂದ ಇಳಿದು ಆಯಿಲಿಗೂ ಸೇರುತ್ತದೆ. ಶೆಡ್ಡಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನಾನು ಮಾಡುತ್ತಿದ್ದ ಜೋಪಾನದಿಂದ ಆದದ್ದು ಇದೆಲ್ಲ.

ನನಗೆ ಹೆಚ್ಚು ನೋವಾದದ್ದು ಇದನ್ನು ನಾನು ಬೇರೊಂದು ರೂಪದಲ್ಲಿ ಕಣ್ಣಾರೆ ಕಂಡಿದ್ದೆ ಎಂಬುದಕ್ಕೆ. ಅಪ್ಪ ಹೋರಿಗೆ ಹೂಟೆ ಕಲಿಸುತ್ತಿದ್ದಾಗ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿ ಕಾಯುತ್ತಿರಲಿಲ್ಲ. ಪಳಗಿದ ಎತ್ತಿನ ಜೊತೆ ನೊಗ ಇಟ್ಟು ಮೊದಲು ಒಂದು ಮರದ ತುಂಡು ಎಳೆಸುತ್ತಿದ್ದ. ಅದು ಬೆವರಿದ ಮೇಲೆ ಬಿಡುತ್ತಿದ್ದ. ಮಾರನೇ ದಿನ ಇನ್ನಷ್ಟು ದೂರ. ಮೆತ್ತಗಿನ ಗದ್ದೆಯಲ್ಲಿ ನೇಗಿಲು ಹೂಡುವುದು ಆಮೇಲೆ. ಹೆಗಲು ಬಲಿಯುವುದು ನೊಗದಿಂದಲೇ ಎಂಬುದು ಅವನಿಗೆ ಗೊತ್ತಿತ್ತು. ಎತ್ತು ಹೋಗಿ ಯಂತ್ರ ಬಂದಾಗ ನಾನು ಆ ತಿಳಿವಳಿಕೆಯನ್ನೂ ಎತ್ತಿನ ಜೊತೆಗೇ ಕಳಿಸಿಬಿಟ್ಟಿದ್ದೆ.

ಬೀರುವಿನಿಂದ ಪುಸ್ತಕ ತೆಗೆದದ್ದು ಆ ರಾತ್ರಿ. ಹಗುರ ಹೊರೆಯಿಂದ ಶುರುಮಾಡಿ, ಕ್ರಮೇಣ ಹೆಚ್ಚಿಸಿ, ಹೊರೆಯಿಲ್ಲದೆ ಹೆಚ್ಚು ಹೊತ್ತು ಓಡಿಸಬೇಡಿ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಅದರ ಕೆಳಗೇ ಇನ್ನೊಂದು ಸಾಲು: ಮೊದಲ ಎಂಜಿನ್ ಆಯಿಲ್ 25 ಗಂಟೆಗೆ ಬದಲಿಸಿ. ನಾನು ಅದನ್ನೂ ಮಾಡಿರಲಿಲ್ಲ. ಕೆಲಸವನ್ನೇ ಮಾಡದ ಎಂಜಿನ್ನಿನ ಆಯಿಲ್ ಹಾಳಾಗುವುದು ಹೇಗೆ, ಹೊಸದನ್ನು ಚೆಲ್ಲುವುದು ಯಾಕೆ ಎಂದು ಹಾಗೇ ಬಿಟ್ಟಿದ್ದೆ.

ಮೊದಲ ಆಯಿಲ್ ಬದಲಿಸುವುದು ಅದು ಹಳತಾಯಿತೆಂದಲ್ಲ. ರಿಂಗು, ಬೋರು, ಗೇರಿನ ಹಲ್ಲು, ಬೇರಿಂಗು, ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿ ಆ ಆಯಿಲಿನಲ್ಲಿ ಇರುತ್ತದೆ. ಎರಕದ ಮರಳಿನ ಕಣ, ಜೋಡಿಸುವಾಗ ಸವರಿದ ಗ್ರೀಸು, ಗ್ಯಾಸ್ಕೆಟ್ ಪೇಸ್ಟಿನ ಚೂರು ಕೂಡ ಇರಬಹುದು. ಎಂಜಿನ್ ತನ್ನ ಇಡೀ ಆಯುಷ್ಯದಲ್ಲಿ ಇಷ್ಟು ಬೇಗ ಇಷ್ಟು ಲೋಹ ಉದುರಿಸುವುದು ಇದೊಂದೇ ಸಲ. ಫಿಲ್ಟರ್ ದೊಡ್ಡ ಕಣ ಹಿಡಿಯುತ್ತದೆ. ಅದರ ಜಾಲರಿಗಿಂತ ಸಣ್ಣದು ತಪ್ಪಿಸಿಕೊಂಡು ಬೇರಿಂಗಿನ ನಡುವೆ ತಿರುಗುತ್ತಲೇ ಇರುತ್ತದೆ. ಬಹಳಷ್ಟು ಸಣ್ಣ ಎಂಜಿನ್ನುಗಳಲ್ಲಿ ಬರೀ ತಂತಿಯ ಜಾಲರಿಯೇ ಫಿಲ್ಟರ್. ಆದ್ದರಿಂದ ಆಯಿಲ್ ಜೊತೆಗೆ ಅದನ್ನು ಹೊರಗೆ ಹಾಕುವುದೇ ದಾರಿ.

ಡೀಸೆಲ್ ಎಂಜಿನ್ನಿನ ಆಯಿಲನ್ನು ಬಣ್ಣ ನೋಡಿ ಅಳೆಯುವಂತಿಲ್ಲ. ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಕಪ್ಪಾಗುತ್ತದೆ, ಕಪ್ಪಾಗಬೇಕು ಕೂಡ. ಉರಿದ ಡೀಸೆಲಿನ ಮಸಿಯನ್ನು ಎಲ್ಲೂ ಕೂರಲು ಬಿಡದೆ ತನ್ನೊಳಗೆ ತೇಲಿಸಿಕೊಳ್ಳುವುದು ಅದರ ಕೆಲಸ. ಹಾಗಾಗಿ ಗಂಟೆಯ ಲೆಕ್ಕ ಬೇಕು. ನಮ್ಮ ಟಿಲ್ಲರಿಗೆ ಗಂಟೆ ತೋರಿಸುವ ಮೀಟರ್ ಇಲ್ಲ. ಡೀಸೆಲ್ ಲೆಕ್ಕದಲ್ಲಿ ಹಿಡಿಯುತ್ತೇವೆ. ಗದ್ದೆ ಕೆಲಸದಲ್ಲಿ ನನ್ನದು ಗಂಟೆಗೆ ಸುಮಾರು ಒಂದೂವರೆ ಲೀಟರ್ ಕುಡಿಯುತ್ತದೆ. ಶೆಡ್ಡಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಟ್ಯಾಂಕ್ ತುಂಬಿಸಿದಾಗಲೆಲ್ಲ ಅದರಲ್ಲಿ ಲೀಟರ್ ಬರೆದಿಡುತ್ತೇನೆ. ಕೆಲಸಕ್ಕೆ ಬರುವ ಹುಡುಗನಿಗೂ ಅದು ಅಭ್ಯಾಸವಾಗಿದೆ.

ಮೆಕ್ಯಾನಿಕ್ ಬೋರನ್ನು ಮತ್ತೆ ಹೋನಿಂಗ್ ಮಾಡಿದ. ಕಲ್ಲು ತಿರುಗುತ್ತಿದ್ದಂತೆಯೇ ಅದನ್ನು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಿಸಿದಾಗ ಆ ಓರೆ ಗೀರುಗಳು ಮೂಡುವುದನ್ನು ನೋಡಿದೆ. ಆಮೇಲಿನ ಕೆಲಸ ನನ್ನ ಪಾಲಿಗೆ ಬಿಟ್ಟ. ಬಿಸಿನೀರು, ಸೋಪು, ಬ್ರಷ್ಷು ಹಿಡಿದು ಬೋರು ತೊಳೆಯುವುದು. ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಡೀಸೆಲಿನಲ್ಲಿ ಒರೆಸಿದರೆ ಸಾಲದು, ಕಲ್ಲಿನ ಪುಡಿ ಗೀರಿನೊಳಗೆ ಕೂತೇ ಇರುತ್ತದೆ, ಅದು ಉಳಿದರೆ ಹೊಸ ರಿಂಗನ್ನು ಅರೆದುಬಿಡುತ್ತದೆ ಎಂದ. ಬಟ್ಟೆಯ ಮೇಲೆ ಬೂದು ಬಣ್ಣ ಬರುತ್ತಲೇ ಇತ್ತು. ತೊಳೆದಾದ ಕೂಡಲೇ ತುಕ್ಕು ಹಿಡಿಯದಂತೆ ಆಯಿಲ್ ಸವರಿದೆ. ಹೊಸ ರಿಂಗ್ ಸೆಟ್ ಕೂತಿತು, ಹೆಡ್ ಬಿಗಿಯಿತು.

ಈ ಸಲ ಸ್ಟಾರ್ಟ್ ಮಾಡಿದ ಮೇಲೆ ಕೆಲವೇ ನಿಮಿಷ ಬಿಸಿಯಾಗಲು ಬಿಟ್ಟು, ಟ್ರೈಲರಿಗೆ ಅರ್ಧದಷ್ಟು ಗೊಬ್ಬರ ತುಂಬಿ ರಸ್ತೆಗೆ ಹೊರಟೆ. ನಮ್ಮ ಮನೆಯ ದಾರಿ ಏರಿಳಿತದ್ದು, ಹೊಸ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಏರಿನಲ್ಲಿ ಹೊರೆ ಬೀಳುತ್ತದೆ, ರಿಂಗ್ ಒತ್ತುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬೋರು ತಣಿಯುತ್ತದೆ. ಒಂದೇ ವೇಗದಲ್ಲಿ ಓಡಿಸಲಿಲ್ಲ, ಗೇರು ಬದಲಿಸುತ್ತ, ವೇಗ ಹೆಚ್ಚು ಕಡಿಮೆ ಮಾಡುತ್ತ ಹೋದೆ. ಒಂದು ಗಂಟೆಯಾದ ಮೇಲೆ ನಿಲ್ಲಿಸಿ ತಣಿಯಲು ಬಿಟ್ಟೆ. ಮುಂದೆ ಬೆದ್ದಲಲ್ಲಿ ರೋಟರಿಯನ್ನು ತೆಳುವಾಗಿ ಹಾಯಿಸಿದೆ, ಆಮೇಲೆ ಸ್ವಲ್ಪ ಆಳ. ಕೆಸರಿಗೆ ಮಾತ್ರ ಬೇಗ ಇಳಿಸಲಿಲ್ಲ. ಹೊರೆ ಬೇಕು ಎಂದು ಮೊದಲ ದಿನವೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಜಗ್ಗಿಸಿದರೆ ಅದು ಇನ್ನೊಂದು ಬಗೆಯ ಹಾಳು. ಹೊಂದಿಕೊಳ್ಳದ ಭಾಗಗಳು ವಿಪರೀತ ಬಿಸಿಯಾಗಿ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳಬಹುದು. ಹಳೆಯವರ 40ರ ನಿಯಮ ಹುಟ್ಟಿದ್ದು ಆ ಭಯದಿಂದ, ಅದರಲ್ಲಿ ಸತ್ಯವಿದೆ. ನಾನು ಅದರ ಅರ್ಧವನ್ನಷ್ಟೇ ಹಿಡಿದುಕೊಂಡಿದ್ದೆ.

25 ಗಂಟೆಗೆ ಆಯಿಲ್ ಇಳಿಸಿದ್ದು ನಾನೇ. ಗದ್ದೆಯಿಂದ ಬಂದ ಕೂಡಲೇ, ಎಂಜಿನ್ ಬಿಸಿಯಿರುವಾಗ, ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಡ್ರೈನ್ ಬೋಲ್ಟ್ ಬಿಚ್ಚಿದೆ. ತಣ್ಣಗಾದ ಮೇಲೆ ಬಿಚ್ಚಿದರೆ ತೇಲುತ್ತಿದ್ದ ಪುಡಿ ತಳ ಸೇರಿರುತ್ತದೆ, ಆಯಿಲ್ ಹೋಗಿ ಪುಡಿ ಅಲ್ಲೇ ಉಳಿಯುತ್ತದೆ. ಕೊನೆಯ ಹನಿ ಬೀಳುವವರೆಗೆ ಕಾಯಬೇಕು. ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿದೆ. ಹಳೆಯದು ಒಮ್ಮೆ ಒತ್ತಿಸಿಕೊಂಡು ಗಟ್ಟಿಯಾಗಿರುತ್ತದೆ, ಸೋರುತ್ತದೆ. ಸೋರುತ್ತದೆಂದು ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದರೆ ಥ್ರೆಡ್ ಹೋಗುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡಿನ ಡೀಸೆಲ್ ಎಂಜಿನ್ ಆಯಿಲನ್ನೇ ತಂದು, ಕಡ್ಡಿಯ ಮೇಲಿನ ಗೆರೆಗೆ ನಿಲ್ಲಿಸಿದೆ. ಒಂದಿಷ್ಟು ಹೆಚ್ಚಿದ್ದರೆ ಒಳ್ಳೆಯದು ಎಂದು ಹೊಯ್ಯುವವರಿದ್ದಾರೆ. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಲ್ಲಿ ರಕ್ಷಣೆ ಇಲ್ಲ. ಏರ್ ಕ್ಲೀನರಿನ ಬಟ್ಟಲಿನಲ್ಲಿದ್ದ ಆಯಿಲೂ ಆ ದಿನವೇ ಬದಲಾಯಿತು.

ಇಳಿಸಿದ ಆಯಿಲಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಅದನ್ನು ಬೇಲಿ ಗೂಟಕ್ಕೆ, ಮನೆಯ ತೊಲೆಗೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯುತ್ತಾರೆ, ಉಳಿದದ್ದನ್ನು ತೋಟದ ಕಪ್ಪಿಗೆ, ಅಂದರೆ ಬಸಿಗಾಲುವೆಗೆ, ಚೆಲ್ಲುತ್ತಾರೆ. ಕಪ್ಪು ಸೇರಿದ್ದು ಹಳ್ಳ ಸೇರುತ್ತದೆ, ಹಳ್ಳದ್ದು ತುಂಗೆಗೆ. ಬಳಸಿದ ಆಯಿಲ್ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಅದನ್ನು ಹಿಂದಕ್ಕೆ ಪಡೆದು ಶುದ್ಧೀಕರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ತಯಾರಕರ ಮೇಲೂ ಹೊರಿಸಿದ್ದಾರೆ. ನಾನು ಹಳೆಯ ಕ್ಯಾನಿನಲ್ಲಿ ತುಂಬಿ ಪೇಟೆಯ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟು ಬರುತ್ತೇನೆ. ಬರಿಗೈಯಲ್ಲಿ ಮುಟ್ಟುವುದನ್ನೂ ಬಿಟ್ಟಿದ್ದೇನೆ, ಆ ಮಸಿ ಚರ್ಮಕ್ಕೆ ಒಳ್ಳೆಯದಲ್ಲ.

ಮರುವರ್ಷ ಟಿಲ್ಲರ್ ಕೆಸರಿನಲ್ಲಿ ತಲೆ ಎತ್ತಿ ನಡೆಯಿತು. ಮೊದಲು ಇಳಿಸಿದ್ದು ಚಿಕ್ಕಮ್ಮನ ಗದ್ದೆಗೆ. ಬೇಡವೆಂದರೂ ಅವರು ಬಾಡಿಗೆ ಎಣಿಸಿ ಕೊಟ್ಟರು.

ಈಚೆಗೆ ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಳ್ಳುವ ಅಕ್ಕನ ಮಗ ಫೋನ್ ಮಾಡಿದ. ತೋಟಕ್ಕೆ ಎಟಿವಿ ತಂದಿದ್ದಾರೆ. ಜೀಪು ಹೋಗದ ಇಳಿಜಾರಿನ ಕಾಲುದಾರಿಗಳಲ್ಲಿ ಗೊಬ್ಬರ, ಸ್ಪ್ರೇಯರು ಹೊರಲು. "ಮಾವ, ಒಂದು ತಿಂಗಳು ಬರೀ ಬಂಗ್ಲೆ ಮುಂದೆ ಓಡಿಸ್ತೀನಿ, ಆಮೇಲೆ ತೋಟಕ್ಕೆ ಇಳಿಸ್ತೀನಿ" ಎಂದ. ನಾನು ಅವನನ್ನು ತಡೆದು ಪುಸ್ತಕ ತೆಗೆದು ಓದಿ ಹೇಳು ಎಂದೆ. ಅವನ ಗಾಡಿಯ ಪುಸ್ತಕದಲ್ಲಿ ಮೊದಲ 10 ಗಂಟೆ ಅರ್ಧ ಥ್ರಾಟಲ್ ದಾಟಿ ಒಂದೇ ಸಮ ಓಡಿಸಬೇಡಿ, 20 ಗಂಟೆವರೆಗೆ ಮುಕ್ಕಾಲು ದಾಟಬೇಡಿ, ವೇಗ ಆಗಾಗ ಬದಲಿಸುತ್ತಿರಿ, ಗಂಟೆಗೊಮ್ಮೆ ತಣಿಯಲು ಬಿಡಿ ಎಂದಿತ್ತು. ಹಾಗಾದರೆ ಇವತ್ತೇ ತೋಟಕ್ಕೆ ಇಳಿಸು, ಒಂದೆರಡು ಮೂಟೆ ಇಟ್ಟುಕೋ, ಟ್ರೈಲರ್ ಮಾತ್ರ ಸದ್ಯಕ್ಕೆ ಬೇಡ ಎಂದೆ.

ಎಟಿವಿಯಂಥ ಪೆಟ್ರೋಲ್ ಎಂಜಿನ್ನಿಗೆ ಬೇರೆ ಎರಡು ಎಚ್ಚರಿಕೆ ಬೇಕು. ಗೇರು ಕ್ಲಚ್ಚು ಇರುವ ಎಟಿವಿಗಳಲ್ಲಿ, ಬೈಕಿನ ಹಾಗೆ, ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲಿನಲ್ಲಿ ಇಂಧನ ಉಳಿಸಲೆಂದು ಜಾರಿಕೆ ಹೆಚ್ಚಿಸುವ ರಾಸಾಯನಿಕ ಸೇರಿಸಿರುವುದುಂಟು, ಅದು ಕ್ಲಚ್ಚನ್ನೂ ಜಾರಿಸುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಎಂದು ಇದೆಯೇ ನೋಡಿ ಕೊಳ್ಳಬೇಕು. ಬೆಲ್ಟಿನ ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಬೇರೆಯೇ ಆಯಿಲ್ ಇರಬಹುದು, ಮೊದಲ ಸಲ ಅದನ್ನೂ ಇಳಿಸಬೇಕಾದೀತು. ಎರಡನೆಯದು, ಮಳೆಗಾಲದಲ್ಲಿ ಬಂಗಲೆಯಿಂದ ಕಣಕ್ಕೆ, ಕಣದಿಂದ ಬಂಗಲೆಗೆ ಎಂದು ಎರಡೆರಡು ನಿಮಿಷ ಓಡಿಸಿ ನಿಲ್ಲಿಸುವ ಚಾಳಿ. ಎಂಜಿನ್ ಬಿಸಿಯಾಗುವುದೇ ಇಲ್ಲ, ಉರಿಯದ ಪೆಟ್ರೋಲ್ ಆಯಿಲಿಗಿಳಿದು ಅದನ್ನು ನೀರು ಮಾಡುತ್ತದೆ. ಕಡ್ಡಿಯಲ್ಲಿ ಆಯಿಲ್ ಏರಿದ್ದು ಕಂಡರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಗಂಟೆ ಎಷ್ಟಾಗಿದೆ ಎಂದು ನೋಡದೆ ಬದಲಿಸಬೇಕು.

ಮೊದಲ ಆಯಿಲ್ ಇಳಿಸಿದ ದಿನ ಅವನೇ ಫೋಟೋ ಕಳಿಸಿದ. ಬಿಳಿ ತಟ್ಟೆಯಲ್ಲಿ ಆಯಿಲ್, ಬಿಸಿಲಿಗೆ ಹಿಡಿದಾಗ ಅದರ ತುಂಬ ಬೆಳ್ಳಿ ಬಣ್ಣದ ಮಿನುಗು. ಹೆದರಿದ್ದ. "ಎಂಜಿನ್ ಹೋಯ್ತಾ ಮಾವ?"

"ಇಲ್ಲ, ಅದು ಬರ್ಲೇಬೇಕು. ಒಳಗೆ ಉಳಿಯೋ ಬದ್ಲು ತಟ್ಟೆಗೆ ಬಂತು. ಗ್ಲೌಸ್ ಹಾಕ್ಕೊಂಡು ಎರಡು ಬೆರಳಲ್ಲಿ ಉಜ್ಜಿ ನೋಡು. ನುಣ್ಣಗಿದ್ರೆ ಸರಿ. ಮರಳಿನ ತರ, ಚಕ್ಕೆ ತರ ಬೆರಳಿಗೆ ಸಿಕ್ಕಿದ್ರೆ ಹೊಸ ಆಯಿಲ್ ಹಾಕ್ಬೇಡ, ಗಾಡಿ ಸ್ಟಾರ್ಟೂ ಮಾಡ್ಬೇಡ, ಮೆಕ್ಯಾನಿಕ್ಕಿಗೆ ತೋರ್ಸು."

ನುಣ್ಣಗಿತ್ತು. ಜಾಲರಿ ತೊಳೆದು, ವಾಷರ್ ಬದಲಿಸಿ, ಹೊಸ ಆಯಿಲ್ ಹಾಕಿದನಂತೆ. ಮುಂದಿನದು ಯಾವಾಗ ಎಂದು ಕೇಳಿದ. ಮೀಟರ್ ಎಷ್ಟು ತೋರಿಸುತ್ತಿದೆಯೋ ಅದನ್ನು ಈಗಲೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡು, ಆಮೇಲೆ ಮಾತಾಡೋಣ ಎಂದೆ.